ಬೇಗ ಒಣಗುವ ಕೋಣೆ

ಷಡಕ್ಷರಿಯ ಹೊಸ ಮನೆಯಲ್ಲಿ ಹೊಗೆ ಇರಲಿಲ್ಲ. ಆಗಿನ ಬಾಳೂರಿನಲ್ಲಿ ಅದು ದೊಡ್ಡ ವಿಷಯ. ತಾರಸಿ, ಗ್ಯಾಸ್ ಒಲೆ, ತಿಳಿಹಸಿರು ಡಿಸ್ಟೆಂಪರ್. ಹಳೆ ಮನೆಯಲ್ಲಿ ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು. ಊರಿಗೆ ಊರೇ ಹೊಗೆ ಅಂಗಿ ತೊಡುತ್ತಿದ್ದುದರಿಂದ ಯಾರಿಗೂ ಅದೊಂದು ವಾಸನೆ ಅನ್ನಿಸುತ್ತಿರಲಿಲ್ಲ.

ಮೊದಲ ಮಳೆಗಾಲಕ್ಕೇ ಬಟ್ಟೆಯ ಹಗ್ಗ ಹಾಲ್‌ಗೆ ಬಂತು. ಆಷಾಢದ ಹೊತ್ತಿಗೆ ಗೋಡೆಯ ಮೇಲೆ ಕಪ್ಪು ಬೂಷ್ಟು.

"ಹಸಿ ಬಟ್ಟೆ ಇಲ್ಲಿ ಹಾಕ್ಬೇಡ ಅಂತ ಎಷ್ಟು ಸಲ ಹೇಳೋದೇ?"

"ನಿಮ್ಮ ತಲೆ ಮೇಲೆ ಹಾಕ್ಲಾ? ಅಲ್ಲೂ ಜಾಗ ಖಾಲಿ ಇದೆ," ಎಂದಳು ಹೆಂಡತಿ ಶಂಕರಮ್ಮ. ಷಡಕ್ಷರಿಯದು ಬೋಳುತಲೆ.

ಅವನಿಗೆ ಹೊಳೆದದ್ದು ಸ್ಟೋರ್ ರೂಮು. ಅಲ್ಲಿ ಒಳಸಿಪ್ಪೆ ಸಮೇತ ಒಣಗಿಸಿದ ಆ ವರ್ಷದ ಪಾರ್ಚ್‌ಮೆಂಟ್ ಕಾಫಿಯೆಲ್ಲ ಇತ್ತು. ಕಾಫಿ ಬೋರ್ಡಿಗೇ ಕೊಡಬೇಕೆಂಬ ಕಟ್ಟು ಹೋಗಿ ಬೆಳೆಗಾರರೇ ಕಾಫಿ ಮಾರಿಕೊಳ್ಳಬಹುದು ಎಂದಾದ ಮೇಲೆ ಎಲ್ಲರೂ ಬುದ್ಧಿವಂತರಾಗಿದ್ದರು. ಬೆಲೆ ಏರಲಿ ಎಂದು ಇವನೂ ಕಾಯುತ್ತಿದ್ದ. ಆ ಕಾಫಿ ಬಿಟ್ಟರೆ ಮನೆಗೆ ಬೇರೆ ಆದಾಯವಿರಲಿಲ್ಲ.

ಜೋಪಾನಕ್ಕೇನೂ ಕಮ್ಮಿಯಿಲ್ಲ. ಮೂಟೆಗಳ ಕೆಳಗೆ ಹಲಗೆ ಹಾಸಿದ್ದ, ಗೋಡೆಗೆ ತಾಗದಂತೆ ಪೇರಿಸಿದ್ದ, ಕಿಟಕಿಯ ಸಂದಿಗೆಲ್ಲ ಗೋಣಿ ತುರುಕಿದ್ದ. ಕಣದಲ್ಲಿ ಕಾಫಿ ಹರವಿದ್ದಾಗ ಮೋಡ ಕಂಡರೆ ಊಟ ಬಿಟ್ಟು ಟಾರ್ಪಾಲು ಹೊದಿಸಲು ಓಡುವ ಮನುಷ್ಯ. ಅದೇ ಮನುಷ್ಯ ಈಗ ಮೂಟೆಗಳ ಮೇಲೆ ಹಗ್ಗ ಬಿಗಿದು ಹಸಿ ಬಟ್ಟೆ ಹರವಿದ. ಚೆನ್ನಾಗಿ ಹಿಂಡಿದ್ದರಿಂದ ಒಂದು ಹನಿಯೂ ತೊಟ್ಟಿಕ್ಕಲಿಲ್ಲ. ತೊಟ್ಟಿಕ್ಕದ ನೀರು ಅವನ ಲೆಕ್ಕದಲ್ಲಿ ನೀರೇ ಅಲ್ಲ.

ಮಾರನೆಯ ದಿನವೇ ಬಟ್ಟೆ ಗರಿಗರಿ.

"ನೋಡ್ದ್ಯಾ? ಹೊರಗಿನ ಥಂಡಿ ಒಳಗೆ ಬರದಿದ್ರೆ ಆಯ್ತು."

"ಬಟ್ಟೇಲಿದ್ದ ನೀರು ಎಲ್ಲಿಗೆ ಹೋಯ್ತ್ರೀ?"

"ಆರಿ ಹೋಯ್ತು."

"ಆರಿ ಎಲ್ಲಿಗೆ?"

"ನಿಂಗೆ ಬಟ್ಟೆ ಒಣಗೋದು ಬೇಕಾ, ನೀರಿನ ವಿಳಾಸ ಬೇಕಾ?"

ಹಾಲ್‌ಗೆ ಮತ್ತೆ ಡಿಸ್ಟೆಂಪರ್ ಹೊಡೆಸಿದ. ಸುದ್ದಿ ಕೇಳಿ ಪಕ್ಕದ ಮನೆಯ ಮುತ್ತಮ್ಮ ಬಾಣಂತಿ ಸೊಸೆಯ ಸೀರೆ, ಕೂಸಿನ ಬಟ್ಟೆ ಎಲ್ಲ ತಂದಳು. ಷಡಕ್ಷರಿ ಇನ್ನೆರಡು ಹಗ್ಗ ಕಟ್ಟಿಕೊಟ್ಟ. ಉಪಕಾರಕ್ಕಿಂತ ಹೆಮ್ಮೆಯೇ ಹೆಚ್ಚು.

ಗಣೇಶ ಚೌತಿ ಕಳೆದ ಮೇಲೆ ಬೆಲೆ ಏರಿತು. ಬಣಕಲ್‌ನ ಕಾಫಿ ವ್ಯಾಪಾರಿ ಬಸವರಾಜಪ್ಪ ಬಂದು ಮೂಟೆ ಬಿಚ್ಚಿಸಿ, ಸಿಪ್ಪೆ ಬಿಡಿಸಿ ಒಂದು ಕಾಳು ಕಚ್ಚಿದ. ಕಟ್ ಎನ್ನಬೇಕಾದ ಕಾಳು ಬೆಂದ ಅವರೆಯಂತೆ ಹಲ್ಲಿಗೆ ಸಿಕ್ಕಿತು. ಬಣ್ಣವೂ ಬಿಳಿಚಿತ್ತು. ಮೂಸಿ ನೋಡಿದ.

"ಇದೇನು ಮಾರಾಯ್ರೇ, ಕಾಫೀನ ಸೋಪು ಹಾಕಿ ಒಗೆದ್ರಾ?"

"ಒಳ್ಳೆ ಬಿಸಿಲಲ್ಲಿ ಒಣಗ್ಸಿದ್ದು, ಬಸವರಾಜಪ್ನೋರೇ."

ಬಸವರಾಜಪ್ಪ ತಲೆ ಎತ್ತಿದ. ಮೇಲೆ ಕೂಸಿನ ಕುಲಾವಿಗಳು ಸಾಲಾಗಿ ನೇತಾಡುತ್ತಿದ್ದವು.

"ಒಣಗಿಸೋದೇನೋ ಒಣಗ್ಸಿದ್ರಿ. ಆಮೇಲೆ ನೀರು ಕುಡಿಸಿದ್ದೀರಿ."

ಎಲ್ಲ ಮೂಟೆಗಳನ್ನೂ ಬಿಚ್ಚಿ ನೋಡಿದರು. ಇಪ್ಪತ್ತರಲ್ಲಿ ಹದಿನೇಳು ಬೂಷ್ಟು ಹಿಡಿದಿದ್ದವು.