ಗುರುವಾರದ ಆಟದ ಪೀರಿಯಡ್

ಎರಡನೆಯ ಕುರ್ಚಿ ಬೀಳುವ ಹೊತ್ತಿಗೆ ಮೂರನೇ ತರಗತಿಯ ಮಕ್ಕಳೆಲ್ಲ ಬಾಗಿಲ ಬಳಿ ಸಾಲಾಗಿ ನಿಂತಾಗಿತ್ತು. ಯಾರೂ ಅವರಿಗೆ ಹೇಳಬೇಕಾಗಿರಲಿಲ್ಲ. ಶಾಲೆಗೆ ಬೆಂಕಿ ಬಿದ್ದರೆ ಹೇಗೆ ಹೊರಗೆ ಹೋಗಬೇಕೆಂದು ಕಲಿತ ಹಾಗೆಯೇ, ಜೋಸಿ ಪೆರೋಗೆ ಸಿಟ್ಟು ಬಂದರೆ ಹೇಗೆ ಹೊರಗೆ ಹೋಗಬೇಕೆಂಬುದನ್ನೂ ಅವರು ಕಲಿತುಬಿಟ್ಟಿದ್ದರು. ಮುಂದಿದ್ದ ಹುಡುಗ ಬಾಗಿಲು ತೆರೆದ. ಉಳಿದವರು ಒಬ್ಬರ ಹಿಂದೊಬ್ಬರು ಲೈಬ್ರರಿಯ ಕಡೆ ನಡೆದರು. ಕೊನೆಯಲ್ಲಿದ್ದ ಹುಡುಗಿ, "ನನ್ ಚಿತ್ರ ಇವತ್ತೂ ಮುಗೀಲಿಲ್ಲ, ಥೂ" ಎಂದು ಗೊಣಗಿಕೊಂಡೇ ಹೋದಳು.

ಬಾಗಿಲು ಮುಚ್ಚಿತು. ಒಳಗೆ ಉಳಿದದ್ದು ಇಬ್ಬರೇ. ಎಂಟು ವರ್ಷದ ಜೋಸಿ, ಮತ್ತು ಅವಳ ಟೀಚರ್ ಲೋರ್ನಾ ಕಾಂಗಸ್.

ಚಿತ್ರ ಬಿಡಿಸುವುದನ್ನು ನಿಲ್ಲಿಸಿ ಗಣಿತದ ಪುಸ್ತಕ ತೆಗೆಯಿರಿ ಎಂದು ಲೋರ್ನಾ ಹೇಳಿದ್ದಷ್ಟೇ ಕಾರಣ. ಜೋಸಿ ಮೂರನೆಯ ಕುರ್ಚಿಯನ್ನೂ ಉರುಳಿಸಿದಳು, ಗೋಡೆಯ ಮೇಲಿದ್ದ ಎಲೆಗಳ ಚಿತ್ರಗಳನ್ನು ಕಿತ್ತಳು, ಬಾಯಿಗೆ ಬಂದದ್ದೆಲ್ಲ ಕೂಗಿದಳು. ಲೋರ್ನಾ ಕೈ ತೊಳೆಯುವ ಸಿಂಕಿನ ಪಕ್ಕ ನೆಲದ ಮೇಲೆ ಕೂತಳು. ಶಾಲೆ ಶುರುವಾದ ಹೊಸದರಲ್ಲಿ ಇಂಥ ಹೊತ್ತಿನಲ್ಲಿ ಅವಳು ಸಮಾಧಾನದ ಮಾತಾಡಲು ಹೋಗಿ ಮಣಿಕಟ್ಟಿಗೆ ಕಚ್ಚಿಸಿಕೊಂಡಿದ್ದಳು. ಈಗ ಮಾತಾಡುತ್ತಿರಲಿಲ್ಲ. ಮಗು ನೋಡಿದರೆ ಕಾಣುವಷ್ಟು ಹತ್ತಿರ, ಒದ್ದರೆ ತಾಗದಷ್ಟು ದೂರ ಕೂತು ಕಾಯುತ್ತಿದ್ದಳು.

ಕೂಗು ಅಳುವಾಯಿತು, ಅಳು ಬಿಕ್ಕಾಯಿತು. ಜೋಸಿ ಕಿಟಕಿಯ ಕೆಳಗಿನ ಮೇಜಿನಡಿ ತೂರಿಕೊಂಡಳು. ಹೊರಗೆ ರಸ್ತೆಯಲ್ಲಿ ಹಿಮ ಸರಿಸುವ ಗಾಡಿ ಸದ್ದು ಮಾಡುತ್ತಾ ಹಾದುಹೋಯಿತು. ತುಂಬ ಹೊತ್ತಿನ ಮೇಲೆ ಮೇಜಿನಡಿಯಿಂದ ದನಿ ಬಂತು.

"ಮಿಸ್, ನಿಮ್ ಕಾಲ್ಚೀಲ ಒಂದೊಂದು ಒಂದೊಂದು ಬಣ್ಣ ಇದೆ."

ಲೋರ್ನಾ ನೋಡಿಕೊಂಡಳು. ಒಂದು ಕಪ್ಪು, ಇನ್ನೊಂದು ಕಡು ನೀಲಿ. "ಅಯ್ಯೋ, ಹೌದಲ್ಲೇ. ಬೆಳಿಗ್ಗೆ ಕತ್ತಲಲ್ಲಿ ಹಾಕ್ಕೊಂಡೆ."

"ಮನೇಲಿ ಯಾರೂ ಹೇಳ್ಲಿಲ್ವಾ?"

"ಮನೇಲಿ ಯಾರಿದಾರೆ ಹೇಳೋಕೆ?"

"ಗಂಡ?"

"ಇಲ್ಲಮ್ಮ."

"ನಾಯಿ?"

"ನಾಯೀನೂ ಇಲ್ಲ."

ಜೋಸಿ ಮೇಜಿನಡಿಯಿಂದ ತಲೆ ಹೊರಹಾಕಿದಳು. "ನಾಯಿ ಇದ್ರೂ ಅದೇನು ಹೇಳ್ತಿತ್ತು ಬಿಡಿ" ಎಂದಳು. ಲೋರ್ನಾಗೆ ನಗು ಬಂತು. ಆ ಇಡೀ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಆಮೇಲೆ ಇಬ್ಬರೂ ಸೇರಿ ಕುರ್ಚಿಗಳನ್ನು ಎತ್ತಿ ನಿಲ್ಲಿಸಿದರು. ಜೋಸಿ ಅವಳ ಕೈ ಹಿಡಿದುಕೊಂಡು ಲೈಬ್ರರಿಯ ತನಕ ಬಂದಳು.

ಅಮೆರಿಕದ ಉತ್ತರದಲ್ಲಿ ಸುಪೀರಿಯರ್ ಸರೋವರದ ದಂಡೆಯ ಆ ಊರಿನಲ್ಲಿ ಲೋರ್ನಾ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ್ದಳು. ಮದುವೆಯಾಗಿರಲಿಲ್ಲ. ವಿಧವೆ ಅಕ್ಕ ಎಲ್ವಿಯ ಜೊತೆ ತಾಯಿಯ ಮನೆಯಲ್ಲಿ ಇದ್ದಳು. ಹೋದ ಬೇಸಿಗೆಯಲ್ಲಿ ಎಲ್ವಿ, ಅರವತ್ತು ದಾಟಿದ ಮೇಲೆ, ವಿಸ್ಕಾನ್ಸಿನ್ನಿನ ದೋಣಿ ವ್ಯಾಪಾರಿಯೊಬ್ಬನನ್ನು ಮದುವೆಯಾಗಿ ಹೊರಟುಹೋದಳು. ಭಾನುವಾರ ವಿಷಯ ಹೇಳಿದವಳು ಅದೇ ವಾರ ಪೆಟ್ಟಿಗೆ ಕಟ್ಟಿದಳು. "ಮೊದಲೇ ಹೇಳಿದ್ರೆ ನೀನು ಮುಖ ಸಪ್ಪೆ ಮಾಡ್ಕೊಂಡು ಕೂತಿರ್ತಿದ್ದೆ, ಅದನ್ನ ನೋಡೋಕೆ ನನ್ನ ಕೈಲಾಗ್ತಿರ್ಲಿಲ್ಲ ಕಣೇ" ಎಂದಳು. ಲೋರ್ನಾ ನಗುತ್ತಲೇ ಕಳಿಸಿಕೊಟ್ಟಳು. ಈಗ ಶುಕ್ರವಾರ ಬೇಕರಿಯಲ್ಲಿ ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಕೊಳ್ಳುವಾಗ ಅಂಗಡಿಯವನು ಅಭ್ಯಾಸಬಲದಿಂದ ಎರಡು ಕಟ್ಟುತ್ತಿದ್ದ. ಒಂದು ಸಾಕು ಎಂದು ಹೇಳಲು ನಾಚಿಕೆಯಾಗಿ ಅವಳು ಎರಡನ್ನೂ ತಂದು, ಎರಡನೆಯದನ್ನು ಮಾರನೆಯ ದಿನ ತಣ್ಣಗೇ ತಿನ್ನುತ್ತಿದ್ದಳು.

ಮಧ್ಯಾಹ್ನ ಪ್ರಿನ್ಸಿಪಾಲ್ ವೆಂಡೆಲ್ ಅವಳನ್ನು ಕರೆದ. ಒಳ್ಳೆಯ ಮನುಷ್ಯ, ಆದರೆ ಜಗಳ ಕಂಡರೆ ಹೊಟ್ಟೆನೋವು ಬರುವವನು.

"ಲೋರ್ನಾ, ಇಡೀ ಕ್ಲಾಸು ದಿನಾ ಲೈಬ್ರರೀಲಿ ಕೂತ್ರೆ ಹೇಗೆ ಹೇಳಿ? ಮಕ್ಕಳ ತಾಯ್ತಂದೆ ಫೋನ್ ಮಾಡಿ ಮಾಡಿ ನನ್ನ ಜೀವ ತಿಂತಿದಾರೆ. ದೊಡ್ಡ ಊರಲ್ಲಿ ಇಂಥ ಮಕ್ಕಳಿಗೇ ಅಂತ ಶಾಲೆ ಇದೆ. ಬಸ್ಸೂ ಬರುತ್ತೆ."

"ಅಷ್ಟು ದೂರ, ಈ ಹಿಮದಲ್ಲಿ? ಬೆಳಕು ಹರಿಯೋ ಮುಂಚೆ ಹತ್ತಿಸಿ, ಕತ್ತಲಾದ ಮೇಲೆ ಇಳಿಸೋದಾ? ನಂಗೆ ಸ್ವಲ್ಪ ಟೈಮ್ ಕೊಡಿ."

"ಚಳಿಗಾಲ ಮುಗಿಯೋ ತನಕ ನೋಡೋಣ. ಆದ್ರೆ ಒಂದ್ ಮಾತು. ಕ್ರಿಸ್‌ಮಸ್ ರಜೆ ಆದ್ಮೇಲೆ ಒಂದೇ ಒಂದ್ ಸಲ ಕ್ಲಾಸ್ ಖಾಲಿ ಮಾಡೋ ಹಾಗಾದ್ರೂ ಮುಗೀತು. ಅವಳನ್ನ ಆ ಶಾಲೆಗೆ ಕಳಿಸೋ ಕಾಗದಕ್ಕೆ ನಾನು ಸಹಿ ಹಾಕ್ತೀನಿ."

ಅವತ್ತೇ ಸಂಜೆ ಲೋರ್ನಾ ಜೋಸಿಯನ್ನು ಸಾಕುತ್ತಿದ್ದ ಸೋದರತ್ತೆ ಡೆಬ್‌ಳನ್ನು ನೋಡಲು ಹೋದಳು. ಬಂದರಿನ ಹತ್ತಿರ ಡೆಬ್‌ಳ ಲಾಂಡ್ರಿ. ಮೆಷಿನ್ನುಗಳ ಗರಗರ ಸದ್ದಿನ ನಡುವೆ ಅವಳು ಹೋಟೆಲಿನ ಹಾಸುಬಟ್ಟೆಗಳನ್ನು ಮಡಚುತ್ತಿದ್ದಳು. ಟೀಚರನ್ನು ಕಂಡಕೂಡಲೇ ಅವಳ ಮುಖ ಗಟ್ಟಿಯಾಯಿತು.

"ಮತ್ತೆ ಏನ್ ಮುರಿದ್ಲು?"

"ಏನೂ ಇಲ್ಲ. ದೂರು ಹೇಳೋಕೆ ಬಂದಿಲ್ಲ. ಈ ತುದಿ ಹಿಡೀತೀನಿ, ಕೊಡಿ."

ಇಬ್ಬರೂ ಎದುರುಬದುರು ನಿಂತು ಬಟ್ಟೆ ಮಡಚಿದರು. ನಾಲ್ಕೈದು ಹಾಸು ಮಡಚಿದ ಮೇಲೆ ಡೆಬ್ ತಾನಾಗಿಯೇ ಬಾಯಿಬಿಟ್ಟಳು. ಜೋಸಿಯ ಅಪ್ಪ, ರೇ ಎಂಬವನು, ಅದಿರು ಸಾಗಿಸುವ ಹಡಗಿನಲ್ಲಿ ಕೆಲಸಗಾರ. ಸರೋವರ ಹೆಪ್ಪುಗಟ್ಟಿದ ಎರಡು ಮೂರು ತಿಂಗಳು ಬಿಟ್ಟರೆ ಮನೆಯಲ್ಲಿ ಇರುವವನಲ್ಲ.

"ಹೋಗೋ ದಿನ ಅವಳಿಗೆ ಹೇಳೋದೇ ಇಲ್ಲ ಟೀಚರ್. ಹೇಳಿದ್ರೆ ಅತ್ತು ರಂಪ ಮಾಡ್ತಾಳೆ, ನೋಡೋಕಾಗಲ್ಲ ಅಂತಾನೆ. ಅವಳು ಮಲಗಿದ್ದಾಗ ಎದ್ದು ಹೋಗ್ಬಿಡ್ತಾನೆ. ಅವಳಮ್ಮನೂ ಹೀಗೇ ತಾನೆ ಹೋಗಿದ್ದು. ಮಗು ಸ್ಕೂಲಿಂದ ಬಂದ್ರೆ ಅಮ್ಮನ ಬೀರು ಖಾಲಿ."

ಲೋರ್ನಾ ಹಿಡಿದ ಬಟ್ಟೆಯ ತುದಿ ಹಾಗೇ ಕೈಯಲ್ಲಿ ಉಳಿಯಿತು. ಚಿತ್ರ ನಿಲ್ಲಿಸಿ ಎಂದಾಗ, ಬೇರೆ ಟೀಚರು ಬಂದಾಗ, ಕೂತ ಜಾಗ ಬದಲಾಯಿಸಿದಾಗ. ಕುರ್ಚಿ ಉರುಳಿದ್ದೆಲ್ಲ ಏನಾದರೊಂದು ಹೇಳದೆ ಕೇಳದೆ ಬದಲಾದಾಗಲೇ.

ಮಾರನೆಯ ದಿನದಿಂದ ಅವಳು ಒಂದು ಪದ್ಧತಿ ಇಟ್ಟುಕೊಂಡಳು. ಬೆಳಿಗ್ಗೆ ಮಕ್ಕಳು ಕೋಟು ನೇತುಹಾಕುವ ಹೊತ್ತಿಗೆ ಜೋಸಿಯ ಪಕ್ಕ ಬಗ್ಗಿ, ಆ ದಿನ ಏನೇನು ನಡೆಯುತ್ತದೆ, ಯಾವುದು ಎಂದಿನಂತಿಲ್ಲ ಎಂದು ಮೆಲ್ಲಗೆ ಹೇಳುತ್ತಿದ್ದಳು. ಒಂದು ಪಾಠ ಮುಗಿಯುವ ಸ್ವಲ್ಪ ಮುಂಚೆ ಅವಳ ಮೇಜಿನ ಮೇಲೆ ಎರಡು ಬೆರಳಿಂದ ತಟ್ಟುತ್ತಿದ್ದಳು. ಮೊದಮೊದಲು ಜೋಸಿ, "ಗೊತ್ತು, ಗೊತ್ತು, ತಟ್ಬೇಡಿ" ಎಂದು ಸಿಡುಕುತ್ತಿದ್ದಳು. ಒಂದು ದಿನ ಕುರ್ಚಿ ಎತ್ತಿದವಳು, ಒಂದು ಗಳಿಗೆ ನಿಂತು, ಅದನ್ನು ಮತ್ತೆ ಕೆಳಗಿಟ್ಟಳು. ಲೋರ್ನಾ ಕಂಡೂ ಕಾಣದವಳಂತೆ ಬೋರ್ಡಿನ ಕಡೆ ತಿರುಗಿಕೊಂಡಳು.

ಕ್ರಿಸ್‌ಮಸ್ ರಜೆಯ ನಂತರ ಕುರ್ಚಿಗಳು ಬೀಳುವುದು ನಿಂತಿತು. ಜೋಸಿಯ ಪಕ್ಕ ಕೂರಲು ಯಾರೂ ಒಪ್ಪದಿದ್ದ ಕ್ಲಾಸಿನಲ್ಲಿ ಹೇಜಲ್ ಎಂಬ ಹುಡುಗಿ ತಾನಾಗಿಯೇ ಬಂದು ಕೂತಳು. ಗುರುವಾರದ ಆಟದ ಪೀರಿಯಡ್ಡಿನಲ್ಲಿ ಇಬ್ಬರೂ ಹಗ್ಗ ಹತ್ತುವುದರಲ್ಲಿ ಪಂದ್ಯ ಕಟ್ಟುತ್ತಿದ್ದರು. ವೆಂಡೆಲ್ ಹಾದುಹೋಗುವಾಗ ಬಾಗಿಲಲ್ಲಿ ತಲೆಯಿಟ್ಟು, "ಏನ್ ಮಾಟ ಮಾಡಿದ್ರಿ ಮಾರಾಯ್ರೆ?" ಎನ್ನುತ್ತಿದ್ದ.

ಲೋರ್ನಾಗೆ ಸಂತೋಷವಾಗಿತ್ತು. ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಜೋಸಿ ಈಗ ಅವಳ ಕಡೆ ನೋಡುತ್ತಿದ್ದದ್ದು ಉಳಿದ ಮಕ್ಕಳು ನೋಡುವಷ್ಟೇ. ಕಾಲ್ಚೀಲದ ಬಣ್ಣ ಯಾರೂ ಕೇಳುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಖಾಲಿ ಕ್ಲಾಸಿನಲ್ಲಿ ಸ್ಯಾಂಡ್‌ವಿಚ್ ಬಿಚ್ಚಿಕೊಂಡು ಕೂತಾಗ ಅವಳ ಕಣ್ಣು ಕಿಟಕಿಯ ಕೆಳಗಿನ ಮೇಜಿನ ಮೇಲೆ ಹೋಗುತ್ತಿತ್ತು. ಸಂಜೆ ಮನೆಗೆ ಹೋಗಿ ದೀಪ ಹಾಕುವ ಮುಂಚೆಯೇ ಟೀವಿ ಹಾಕುತ್ತಿದ್ದಳು. ಯಾರದಾದರೂ ದನಿ ಕೇಳಿದರೆ ಸಾಕಾಗಿತ್ತು.

ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ, ಆಟದ ಕೋಣೆಯ ನೀರಿನ ಪೈಪು ಚಳಿಗೆ ಒಡೆದಿದೆ, ಇವತ್ತು ಆಟ ಇಲ್ಲ, ಆ ಹೊತ್ತಿನಲ್ಲಿ ಕ್ಲಾಸಿನಲ್ಲೇ ಏನಾದರೂ ಓದಿಸಿ ಎಂದು ವೆಂಡೆಲ್ ಹೇಳಿಕಳಿಸಿದ. ಲೋರ್ನಾ ನೇರ ಕೋಟಿನ ಗೂಟಗಳ ಹತ್ತಿರ ಹೋದಳು. ಜೋಸಿ ಮತ್ತು ಹೇಜಲ್ ಒಂದೇ ಕೋಟಿನ ಎರಡು ತೋಳಿನಲ್ಲಿ ಇಬ್ಬರೂ ಕೈ ತೂರಿಸಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಲೋರ್ನಾ ಬಗ್ಗಿದಳು. ಜೋಸಿ ತಲೆಯೆತ್ತಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡು ಲೋರ್ನಾ ನೆಟ್ಟಗಾದಳು.

ಗಣಿತ ಮುಗಿದ ಮೇಲೆ ಹೇಳಬಹುದಿತ್ತು. ಊಟಕ್ಕೆ ಮುಂಚೆ ಹೇಳಬಹುದಿತ್ತು. ಊಟದ ನಂತರ ಜೋಸಿ ಒಬ್ಬಳೇ ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಾ ನಿಂತಿದ್ದಳು, ಲೋರ್ನಾ ಪಕ್ಕದಲ್ಲೇ ಹಾದುಹೋದಳು. ಪ್ರತಿ ಸಲವೂ ಏನೋ ಒಂದು ಸಣ್ಣ ನೆಪ ಇತ್ತು. ನೆಪಗಳ ಕೆಳಗೆ ಇನ್ನೇನೋ ಇತ್ತು. ಅದನ್ನು ಅವಳು ತಿರುಗಿ ನೋಡಲಿಲ್ಲ.

ಆಟದ ಗಂಟೆ ಹೊಡೆಯಿತು. ಮಕ್ಕಳು ಶೂ ಬದಲಾಯಿಸಲು ಓಡಿದರು. "ಎಲ್ಲರೂ ಕೂತ್ಕೊಳ್ಳಿ. ಇವತ್ತು ಆಟ ಇಲ್ಲ" ಎಂದಳು ಲೋರ್ನಾ.

ಅಯ್ಯೋ ಎಂಬ ಕೂಗು ಎದ್ದಿತು. ಅದರ ಹಿಂದೆಯೇ ಕುರ್ಚಿ ಬಿತ್ತು. ಹೇಜಲ್ ಜೋಸಿಯ ತೋಳು ಹಿಡಿಯಲು ಹೋಗಿ ತಳ್ಳಿಸಿಕೊಂಡು ಮೇಜಿನ ಅಂಚಿಗೆ ತಾಗಿ ಅಳತೊಡಗಿದಳು. ಮಕ್ಕಳು ಹಳೆಯ ಅಭ್ಯಾಸದಂತೆ ಸಾಲಾದರು. ಬಾಗಿಲು ಮುಚ್ಚಿತು.

ಲೋರ್ನಾ ಸಿಂಕಿನ ಪಕ್ಕ ಕೂತಳು. ಕೂತ ಮೇಲೆ ತನ್ನ ಎದೆಯೊಳಗೆ ಏನೋ ಹಗುರಾದದ್ದು ಅವಳಿಗೇ ತಿಳಿಯಿತು. ತಿಳಿದ ಮರುಕ್ಷಣ ನಾಚಿಕೆಯಾಗಿ, ಕಾಲ್ಚೀಲ ಕಾಣದ ಹಾಗೆ ಕಾಲು ಒಳಗೆಳೆದುಕೊಂಡಳು.

ಈ ಸಲ ಕೂಗು ಬೇಗ ಮುಗಿಯಿತು. ಜೋಸಿ ಮೇಜಿನಡಿ ಹೋಗಲಿಲ್ಲ. ಕ್ಲಾಸಿನ ನಡುವೆ ನಿಂತು, ತೋಳಿನಿಂದ ಮೂಗು ಒರೆಸಿಕೊಂಡು, ಲೋರ್ನಾಳನ್ನೇ ನೋಡಿದಳು.

"ನಿಮಗೆ ಗೊತ್ತಿತ್ತಾ?"

ಈಗಷ್ಟೇ ಗೊತ್ತಾಯಿತು ಎಂದಿದ್ದರೆ ಮಗು ನಂಬುತ್ತಿತ್ತು. ಮರೆತುಹೋಯಿತು ಎಂದಿದ್ದರೂ ನಂಬುತ್ತಿತ್ತು. ಎರಡೂ ಮಾತು ಲೋರ್ನಾಳ ನಾಲಿಗೆಯ ತುದಿಗೆ ಬಂದಿದ್ದವು.

"ಗೊತ್ತಿತ್ತು" ಎಂದಳು.

"ಬೆಳಿಗ್ಗೆನೇ?"

"ಬೆಳಿಗ್ಗೆನೇ."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಬೇಕಾಗಿತ್ತು. ಹೇಳಲಿಲ್ಲ. ತಪ್ಪು ನಂದು ಜೋಸಿ, ನಿಂದಲ್ಲ."

ಜೋಸಿ ಬಯ್ಯಲಿಲ್ಲ, ಅಳಲಿಲ್ಲ. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. ನೆಲದಲ್ಲಿದ್ದ ಹೇಜಲ್‌ಳ ಪೆನ್ಸಿಲ್ ಡಬ್ಬಿಯನ್ನು ತೆಗೆದುಕೊಂಡು, ಚೆಲ್ಲಿದ ಪೆನ್ಸಿಲ್‌ಗಳನ್ನೆಲ್ಲ ಒಂದೊಂದಾಗಿ ತುಂಬಿ, ಬಾಗಿಲು ತೆರೆದು ಒಬ್ಬಳೇ ಲೈಬ್ರರಿಯ ಕಡೆ ನಡೆದಳು. ಲೋರ್ನಾ ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಮೂಲೆ ತಿರುಗಿಯಾಗಿತ್ತು.

ವೆಂಡೆಲ್ ಮೇಜಿನ ಮೇಲೆ ಕಾಗದ ಸಿದ್ಧ ಮಾಡಿಟ್ಟುಕೊಂಡೇ ಇದ್ದ. "ಹೇಳಿದ್ದೆನಲ್ಲ ಲೋರ್ನಾ. ಹೇಜಲ್‌ಳ ಅಮ್ಮ ಆಗ್ಲೇ ಫೋನ್ ಮಾಡಿದ್ರು."

"ಸಹಿ ಹಾಕ್ಬೇಡಿ. ಬೆಳಿಗ್ಗೆ ನೀವು ಹೇಳಿಕಳಿಸಿದ್ದನ್ನ ನಾನು ದಿನದ ಹಾಗೆ ಅವಳಿಗೆ ಮೊದ್ಲೇ ಹೇಳ್ಲಿಲ್ಲ."

"ಮರೆತ್ರಾ? ಅದು ಯಾರಿಗಾದ್ರೂ..."

"ಮರೆತಿಲ್ಲ."

ವೆಂಡೆಲ್ ಕನ್ನಡಕ ತೆಗೆದ. "ಯಾಕೆ?"

ಲೋರ್ನಾ ಮುಖ ತಿರುಗಿಸಿದಳು. ಕಿಟಕಿಯಾಚೆ ಯಾರೋ ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದರು. ಅವನು ಮತ್ತೆ ಕೇಳಲಿಲ್ಲ. ಬಹಳ ವರ್ಷದಿಂದ ಅವಳನ್ನು ಬಲ್ಲವನು, ಎಲ್ವಿ ಹೋದದ್ದೂ ಅವನಿಗೆ ಗೊತ್ತಿತ್ತು. ಕಾಗದವನ್ನು ಡ್ರಾಯರಿಗೆ ಹಾಕಿದ. "ಹೇಜಲ್‌ಳ ಅಮ್ಮನ ಹತ್ರ ನಾನು ಮಾತಾಡ್ತೀನಿ. ಆದ್ರೆ ನಾಳೆಯಿಂದ ಬೆಳಿಗ್ಗೆ ಹೇಳೋ ಕೆಲಸ ಆಫೀಸಿನ ಜಾನೀಸ್ ಮಾಡ್ಲಿ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಲೋರ್ನಾಗೆ ಸುಲಭವಾಗುತ್ತಿತ್ತು.

ಜಾನೀಸ್ ಗಟ್ಟಿ ದನಿಯ ನಗುಮುಖದ ಹೆಂಗಸು. ಜೋಸಿ ಬಸ್ಸಿಳಿದವಳೇ ಆಫೀಸಿನ ಕಿಟಕಿಗೆ ಗಲ್ಲವಿಟ್ಟು, "ಇವತ್ತು ಏನಾದ್ರೂ ಬದಲಾಗಿದ್ಯಾ?" ಎಂದು ಕೇಳುವುದು, ಜಾನೀಸ್, "ಏನೂ ಇಲ್ಲ ಕಣೇ ರಾಣಿ, ಸೂಪು ಮಾತ್ರ ಟೊಮೆಟೊದ್ದು" ಎನ್ನುವುದು ಲೋರ್ನಾಗೆ ಕ್ಲಾಸಿನ ತನಕ ಕೇಳಿಸುತ್ತಿತ್ತು. ಕೆಲವು ದಿನ ಹೇಜಲ್ ಬೇರೆ ಕಡೆ ಕೂತಳು, ಆಮೇಲೆ ವಾಪಸು ಬಂದಳು. ಜೋಸಿ ಲೋರ್ನಾಳ ಮಾತು ಕೇಳುತ್ತಿದ್ದಳು, ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು. ಅಷ್ಟೇ.

ಮಾರ್ಚಿನಲ್ಲಿ ಹಡಗುಗಳು ಹೊರಡುವ ದಿನ ಹತ್ತಿರ ಬಂತು. ಲೋರ್ನಾ ಡೆಬ್‌ಗೆ ಫೋನ್ ಮಾಡಿ, ಈ ಸಲವಾದರೂ ರೇ ಮಗಳಿಗೆ ಹೇಳಿಯೇ ಹೋಗಲಿ, ಅತ್ತರೆ ಅಳಲಿ ಎಂದಳು. ಅದಾದ ಮೇಲೆ ಏನಾಯಿತೆಂದು ಅವಳಿಗೆ ಯಾರೂ ತಿಳಿಸಲಿಲ್ಲ. ಒಂದು ಬೆಳಿಗ್ಗೆ ಕಣ್ಣು ಊದಿಸಿಕೊಂಡು ಬಂದ ಜೋಸಿ ಕೋಟು ನೇತುಹಾಕುತ್ತಾ ಹೇಜಲ್‌ಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

"ನಮ್ಮಪ್ಪ ಇವತ್ತು ಹೋದ್ರು. ಹೇಳೇ ಹೋದ್ರು. ಬಾಗಿಲ ತನಕ ನಾನೇ ಬ್ಯಾಗ್ ಎತ್ಕೊಂಡ್ ಹೋದೆ. ಎಷ್ಟು ಭಾರ ಇತ್ತು ಗೊತ್ತಾ?"

ಅವತ್ತು ಎರಡನೇ ಪೀರಿಯಡ್ಡಿಗೆ ಕಣ್ಣು ಪರೀಕ್ಷೆ ಮಾಡುವವರು ಬರುವವರಿದ್ದರು. ಲೋರ್ನಾ ತಡೆಯಲಾಗದೆ ಜೋಸಿಯ ಮೇಜಿನ ಬಳಿ ಹೋಗಿ ಬಗ್ಗಿದಳು.

"ಜೋಸಿ, ಇವತ್ತು ಗಣಿತದ ಬದಲು..."

"ಜಾನೀಸ್ ಆಂಟಿ ಆಗ್ಲೇ ಹೇಳಿದ್ರು ಮಿಸ್" ಎಂದಳು ಜೋಸಿ ಮರ್ಯಾದೆಯಿಂದ, ಪುಸ್ತಕದಿಂದ ತಲೆಯೆತ್ತದೆ.

ಹತ್ತೂವರೆಗೆ ಮಕ್ಕಳು ಹಿಮದಲ್ಲಿ ಆಡಿ ಬಂದು, ಒದ್ದೆಯಾದ ಕೈಗವಸುಗಳನ್ನೆಲ್ಲ ಗೋಡೆಯ ಹೀಟರಿನ ಮೇಲೆ ಎಸೆದು, ಕಣ್ಣು ತೋರಿಸಲು ಗದ್ದಲ ಮಾಡಿಕೊಂಡು ಹೊರಟುಹೋದರು. ಲೋರ್ನಾ ಹೀಟರಿನ ಹತ್ತಿರ ನಿಂತು ಕೈಗವಸುಗಳನ್ನು ಸಾಲಾಗಿ ಜೋಡಿಸಿದಳು. ಕೆಂಪು, ನೀಲಿ, ಹಸಿರು, ಬೆರಳು ತೂತಾದವು, ಅಜ್ಜಿಯರು ಹೆಣೆದವು. ಒಣಗುತ್ತಿರುವ ಉಣ್ಣೆಯ ವಾಸನೆ ಕ್ಲಾಸನ್ನೆಲ್ಲ ತುಂಬಿತು. ಒಂದು ಬದಿ ಬೆಚ್ಚಗಾದ ಮೇಲೆ ಅವಳು ಒಂದೊಂದನ್ನೇ ಮಗುಚಿ ಹಾಕಿದಳು. ಇವುಗಳಲ್ಲಿ ಜೋಸಿಯವು ಯಾವುವೆಂದು ಹುಡುಕಿ ನೋಡಿದಳು, ಗೊತ್ತಾಗಲಿಲ್ಲ. ಎಲ್ಲವನ್ನೂ ಮಗುಚಿದಳು.