ಮೂರನೆಯ ಬೇಡ

ಬಿಳಿ ಗಾಜಿನ ನಶ್ಯದ ಸೀಸೆಯ ಮೇಲೆ ಕೆಂಪು ಗಾಜಿನ ಹೊದಿಕೆ. ಮೀನಿನ ಚಿತ್ರ ಬರಬೇಕಾದ ಕಡೆ ಕೆಂಪನ್ನು ಉಳಿಸಿ, ಮಿಕ್ಕದ್ದನ್ನೆಲ್ಲ ಬಿಳಿ ಕಾಣುವ ತನಕ ಸಾಣೆಚಕ್ರದಲ್ಲಿ ಸವೆಸಬೇಕು. ಎಂಟು ತಿಂಗಳು ಸವೆಸಿದೆ. ಮುಗಿದ ದಿನ ಪಕ್ಕದ ಮನೆಯ ಬೆಕ್ಕು ಆ ಮೀನಿನ ಮುಂದೆ ಬಂದು ಕೂತು ಮೂರು ದಿನ ಊಟ ಬಿಟ್ಟಿತು. ನಂಬದವರು ಬೆಕ್ಕನ್ನೇ ಕೇಳಬಹುದು, ಅದಿನ್ನೂ ಬದುಕಿದೆ.

ಸೀಸೆ ಮಾಡಿಸಿದ್ದು ಅರಮನೆಯ ಉಗ್ರಾಣದ ಅಧಿಕಾರಿ. ಐದನೆಯ ದಿನ ಮಧ್ಯಾಹ್ನ ಒಯ್ಯಲು ಬರುವವರಿದ್ದರು. ಸೀಸೆ ಇಲ್ಲವೆಂದರೆ ಪೀಕಿಂಗಿನಲ್ಲಿ ನನ್ನ ಚಕ್ರ ಮತ್ತೆ ತಿರುಗುವಂತಿರಲಿಲ್ಲ. ಅದರ ಹಿಂದಿನ ದಿನ ಬೆಳಿಗ್ಗೆ ನನ್ನ ಭಾವಮೈದ ದೆಶುನ್, ಟೀ ಅಂಗಡಿಯಲ್ಲಿ ಮೆರೆಯಲೆಂದು, ಹೇಳದೆ ಕೇಳದೆ ಅದನ್ನು ಅಂಗಿಯ ತೋಳಿನೊಳಗೆ ಇಳಿಸಿಕೊಂಡು ಹೋದ. ಬರಿಗೈಯಲ್ಲಿ ಬಂದ.

"ಸೀಸೆ ಎಲ್ಲೋ?"

"ದಾಚುನ್ ರಾಯರ ಹತ್ರ ಇದೆ, ಭಾವ. ನಶ್ಯ ಬದಲಾಯಿಸ್ಕೊಂಡ್ವಿ. ಸೀಸೆ ಚೆನ್ನಾಗಿದೆ ಅಂತ ಮೂರು ಸಲ ಅಂದ್ರು. ಮೂರು ಸಲ ಹೊಗಳಿದ್ಮೇಲೆ ತಗೊಳ್ಳಿ ಅನ್ನದೆ ಇರಕ್ಕಾಗತ್ತಾ?"

"ಅವರೂ ಮೂರು ಸಲ ಬೇಡ ಅನ್ಬೇಕಲ್ಲ."

"ಎರಡು ಸಲ ಅಂದ್ರು. ಮೂರನೇದಕ್ಕೆ ಬಾಯಿ ತೆರೆದ್ರು, ಸೀನು ಬಂತು. ಸೀನಿದ್ಮೇಲೆ ಲೆಕ್ಕ ಮರ್ತೋಯ್ತು. ತೋಳಿಗೆ ಇಳಿಸ್ಕೊಂಡ್ರು."

ದಾಚುನ್ ರಾಯರು ನಿವೃತ್ತ ಬಿಲ್ಲುಗಾರರು. ಕೇರಿಯಲ್ಲಿ ಅವರಷ್ಟು ಮರ್ಯಾದಸ್ಥರಿಲ್ಲ. ಕೊಟ್ಟದ್ದನ್ನು ವಾಪಸು ಕೇಳುವುದೆಂದರೆ ಅವರ ಗಡ್ಡಕ್ಕೆ ಕೈ ಹಾಕಿದಂತೆ. ಅದು ಹೋದ ದಾರಿಯಲ್ಲೇ ಬರಬೇಕು. ಭಾವಮೈದನನ್ನು ಕರೆದುಕೊಂಡು ಅವರ ಮನೆಗೆ ಹೋದೆ.

ದೆಶುನ್ ಸೀಸೆಯನ್ನು ಮೂರು ಸಲ ಹೊಗಳಿದ. ರಾಯರು ತಡಮಾಡದೆ ಮುಂದೆ ಹಿಡಿದರು.

"ತಗೊಳ್ಳಪ್ಪ."

"ಅಯ್ಯೋ, ಬೇಡ," ಅಂದ ದೆಶುನ್. ನಲವತ್ತು ವರ್ಷದ ಅಭ್ಯಾಸ.

"ಸಂಕೋಚ ಯಾಕೆ, ತಗೋ."

"ಬೇಡವೇ ಬೇಡ."

ಅವನ ಕಾಲು ತುಳಿದೆ. ಮೂರನೆಯ ಬೇಡ ಸ್ವಲ್ಪ ಗಟ್ಟಿಯಾಗಿ ಬಂತು, ಅಷ್ಟೆ.

ಆಮೇಲೆ ನಾನು ಹೊಗಳಿದೆ. ರಾಯರು ನನಗೂ ನೀಡಿದರು. ನನ್ನ ಮೂರು ಬೇಡಗಳು ಅವನವಕ್ಕಿಂತ ಬೇಗ ಮುಗಿದವು. ರಾಯರು ಸೀಸೆಯನ್ನು ಮತ್ತೆ ತೋಳಿಗೆ ಸೇರಿಸಿ, "ಇಂಥ ಮನೆತನ ಈಗೆಲ್ಲಿ ಸಿಗತ್ತೆ," ಎಂದು ಬಾಗಿಲ ತನಕ ಬಂದು ಬೀಳ್ಕೊಟ್ಟರು.

ಮನೆಯಲ್ಲಿ ನನ್ನ ಹೆಂಡತಿ ಯುಝೆನ್ ಎಲೆಕೋಸು ಉಪ್ಪಿಗೆ ಹಾಕುತ್ತಿದ್ದಳು. ಎಲ್ಲ ಕೇಳಿ, ತಮ್ಮನನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಕೈ ಒರೆಸಿಕೊಂಡು ಹೊರಟಳು. ಒಲೆಯ ಮೇಲಿನ ನೀರು ಕುದಿಯುವುದರೊಳಗೆ ಸೀಸೆಯೊಂದಿಗೆ ಬಂದಳು.

"ಏನಂದೆ?"

"ಚೆನ್ನಾಗಿದೆ ಅಂದೆ. ತಗೊಳ್ಳಮ್ಮ ಅಂದ್ರು. ತಗೊಂಡೆ."

"ಒಂದ್ಸಲವೂ ಬೇಡ ಅನ್ಲಿಲ್ವಾ?"

"ಬೇಕಿತ್ತಲ್ಲ. ಬೇಡ ಅಂತ ಯಾಕನ್ಲಿ?"

ಮಾರನೆಯ ದಿನ ಅಧಿಕಾರಿ ಬಂದರು. ಸೀಸೆ ಕೊಟ್ಟು ಹಣ ತೆಗೆದುಕೊಳ್ಳುವ ಕೆಲಸವನ್ನು ಅವಳಿಗೇ ಬಿಟ್ಟೆ.