ಅಬ್ಬಿಯಲ್ಲಿ ಹಾರಿದ ಜೋಡಿ ಗುಂಡು

ಊರಿಗೆ ಊರೇ ದಸರಾ ನೋಡೋಕೆ ಮೈಸೂರಿಗೆ ಹೋಗುತ್ತೆ. ನಮ್ಮ ಸಾಹುಕಾರರ ನೆಂಟರು ಮಾತ್ರ ದಸರಾ ರಜೆಗೆ ಮೈಸೂರು ಬಿಟ್ಟು ನಮ್ಮೂರು ಕಕ್ಕಬೆಗೆ ಬಂದರು, ನನ್ನ ಪ್ರಾಣ ತೆಗೆಯೋಕೆ. ಗಂಡ, ಹೆಂಡ್ತಿ, ಗಂಡನ ತಾಯಿ. ಅವರಿಗೆ ಬೆಟ್ಟದಿಂದ ಧುಮುಕೋ ಅಬ್ಬಿ ನೋಡಬೇಕಂತೆ. ನೋಡಿದರೆ ಸಾಲದು, ಅಬ್ಬಿಯ ಕೆಳಗಿನ ಗುಂಡಿಯಲ್ಲಿ ಈಜಲೂ ಬೇಕಂತೆ. ಹೆಂಗಸರು ನೀರಿಗಿಳಿಯೋದರಿಂದ ಜೊತೆಗೆ ಹೆಂಗಸೇ ಇರಬೇಕು, ಆ ಗುಂಡಿಯ ಆಳ ಗೊತ್ತಿರೋಳು ರೈಟರ ಹೆಂಡ್ತಿ ಕಾಂತಮ್ಮ, ಅವಳನ್ನೇ ಕಳಿಸು ಅಂತ ಸಾಹುಕಾರರ ಅಪ್ಪಣೆ ಆಯ್ತು. ನನ್ನ ಗಂಡ ಗುರುವಪ್ಪ ಸಾಹುಕಾರರ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯೋ ರೈಟರು. ಆಳುಗಳ ಮೇಲೆ ಹುಲಿ, ಸಾಹುಕಾರರ ಎದುರು ಬಾಯಿಗೆ ಬರೋದು "ಆಯ್ತು ಸಾರ್" ಅನ್ನೋದೊಂದೇ.

"ನಾಳೆ ನಾನು ಎಲ್ಲಿಗೆ ಹೋಗಬೇಕು ಅಂತಿದ್ದೆ, ನಿಮಗೆ ಗೊತ್ತಿಲ್ವಾ?" ಅಂತ ಕೇಳಿದೆ.

"ಗೊತ್ತು. ನಾಡಿದ್ದು ಹೋಗು."

"ನಾಡಿದ್ದಿನವರೆಗೆ ಮಾವ ಇರ್ತಾರೆ ಅಂತ ನಿಮಗೆ ಯಾರು ಬರ್ಕೊಟ್ಟಿದ್ದಾರೆ?"

ಎದ್ದು ಕೊಟ್ಟಿಗೆ ಕಡೆ ಹೋದರು. ಉತ್ತರ ಇಲ್ಲದಾಗೆಲ್ಲ ಇವರಿಗೆ ದನದ ನೆನಪಾಗುತ್ತೆ.

ನಮ್ಮ ಮಾವ ಮೊಣ್ಣಪ್ಪ ಮಳೆಗಾಲದಲ್ಲಿ ಹಾಸಿಗೆ ಹಿಡಿದವರು ಮತ್ತೆ ಎದ್ದಿರಲಿಲ್ಲ. ವಿರಾಜಪೇಟೆಯಿಂದ ಬಂದ ಡಾಕ್ಟರು ನೋಡಿ, ಇನ್ನು ಅವರಿಗೆ ಬೇಕು ಅನಿಸಿದ್ದನ್ನು ಕೊಡಿ ಅಂದು ಹೋಗಿದ್ದರು. ಮಾವನಿಗೆ ಬೇಕು ಅನಿಸಿದ್ದು ಒಂದೇ, ದೊಡ್ಡ ಮಗ ಬೋಜಪ್ಪ. ಒಂದು ಹುತ್ತರಿ ಹಬ್ಬದ ದಿನ ಕುಡಿದು ಬಂದು ಏನೋ ಮಾತಾಡಿದ ಅಂತ, ಆ ಮಗನ ಕೆನ್ನೆಗೆ ಕುಟುಂಬದವರೆಲ್ಲರ ಎದುರು ಬಾರಿಸಿಬಿಟ್ಟಿದ್ದರು. ಬೋಜಪ್ಪ ಭಾವ ಹೆಂಡ್ತಿ ಮುದ್ದಿಯನ್ನು ಕರ್ಕೊಂಡು ಹೊರಟವರು ಮನೆ ಪಕ್ಕ ಹರಿಯೋ ಸಣ್ಣ ತೋಡಿನ ಆಚೆ ಮನೆ ಕಟ್ಟಿಕೊಂಡರು. ಅಲ್ಲಿಂದ ಕೂಗಿದರೆ ಇಲ್ಲಿಗೆ ಕೇಳುತ್ತೆ. ಆದರೂ ವರ್ಷಗಟ್ಟಲೆ ಈ ಹೊಸ್ತಿಲು ತುಳಿದಿರಲಿಲ್ಲ. ಕರೆದರೆ ತಾನೆ ಹೋಗೋದು ಅಂತ ಮಗ. ಬಂದರೆ ಬೇಡ ಅಂದೆನಾ ಅಂತ ಅಪ್ಪ. ನಡುವೆ ನನ್ನ ಗಂಡ, "ಅವನು ದೊಡ್ಡೋನು, ಅವನೇ ಬರ್ಲಿ." ಈ ಗಂಡಸರ ಹಟಕ್ಕೆ ಬೆಂಕಿ ಬೀಳ! ಮಾವ ದಿನಾ ಬಾಗಿಲ ಕಡೆಗೇ ಮುಖ ಮಾಡಿ ಮಲಗೋರು. ನಾನೇ ಹೋಗಿ ಭಾವನ ಕೈ ಹಿಡಿದು ಎಳ್ಕೊಂಡು ಬರ್ತೀನಿ ಅಂತ ನಿಶ್ಚಯ ಮಾಡಿದ್ದೆ. ಅಷ್ಟರಲ್ಲಿ ಈ ಅಬ್ಬಿ ಬಂದು ವಕ್ಕರಿಸಿತು.

ಬೆಳಿಗ್ಗೆ ಮನೆ ಕೆಲಸದ ಲಿಂಗಿಯನ್ನು ಮಾವನ ಹತ್ತಿರ ಕೂರಿಸಿ ಹೊರಟೆ. ನೆಂಟರು ಜೀಪಿನಿಂದ ಇಳಿದರು. ಆ ಹೆಂಡ್ತಿಯ ಕಾಲಲ್ಲಿ ಎತ್ತರದ ಹಿಮ್ಮಡಿಯ ಚಪ್ಪಲಿ. ಅತ್ತೆಯ ಕೈಯಲ್ಲಿ ಕೋಡುಬಳೆಯ ಡಬ್ಬಿ. ಆಕೆಯ ಗಂಡ ಸಾಹೇಬರ ಹೆಗಲಲ್ಲಿ ಕೋವಿ, ಅದೂ ಜೋಡಿ ನಳಿಗೆಯದು, ಸಾಹುಕಾರರ ಹತ್ತಿರ ಕೇಳಿ ತಂದದ್ದು.

"ಮೀಯೋಕೆ ಹೋಗೋರಿಗೆ ಕೋವಿ ಯಾಕೆ ಸಾರ್?"

"ಹುಲಿ ಗಿಲಿ ಬಂದರೆ?"

"ಈ ದಾರೀಲಿ ಬರೋದು ಜಿಗಣೆ. ಅದಕ್ಕೆ ಸುಣ್ಣ ಸಾಕು."

ಅವರು ನಕ್ಕರು. ನಾನು ನಗಲಿಲ್ಲ. "ತಮಾಷೆಗೂ ಗುಂಡು ಹಾರಿಸಬೇಡಿ. ನಮ್ಮಲ್ಲಿ ಮನೇಲಿ ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸ್ತಾರೆ. ಕೇಳಿದೋರು ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಸಾವಿನ ಮನೆಗೆ ಓಡಿ ಬರ್ತಾರೆ. ಅಬ್ಬಿಯ ನೆತ್ತಿ ಮೇಲೇ ನಮ್ಮ ಮನೆ ಇರೋದು, ಅಲ್ಲಿ ಕಾಯಿಲೆಯವರಿದ್ದಾರೆ" ಅಂತ ಬಿಡಿಸಿ ಹೇಳಿದೆ. "ಎಂಥ ಒಳ್ಳೆ ಪದ್ಧತಿ!" ಅಂತ ಸಾಹೇಬರು ಹೆಂಡ್ತಿ ಕಡೆ ತಿರುಗಿ ತಲೆದೂಗಿದರು. ಪದ್ಧತಿ ತಲೆಗೆ ಹೋಯ್ತು, ಬೇಡ ಅಂದ ಮಾತು ಹೋಗಲಿಲ್ಲ.

ದಾರಿಯುದ್ದಕ್ಕೂ ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ನನ್ನ ಗಂಟಲು ಒಣಗಿತು. ಇನ್ನೆಷ್ಟು ದೂರ? ಇದು ಏಲಕ್ಕಿ ಗಿಡವಾ, ಶುಂಠಿಯಾ? ನೀರು ಬೆಚ್ಚಗಿರುತ್ತಾ? ಬೆಟ್ಟದ ಮೇಲಿಂದ ಬೀಳೋ ನೀರಿನ ಕೆಳಗೆ ಒಲೆ ಹಚ್ಚೋರು ಯಾರು ತಾಯಿ ಅಂತ ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಚಪ್ಪಲಿಯ ಹಿಮ್ಮಡಿ ಮುರಿಯಿತು, ಆ ಯಮ್ಮನನ್ನು ಕೈ ಹಿಡಿದು ಇಳಿಸಿದೆ. ಅತ್ತೆಯ ಕಾಲಿಗೆ ಜಿಗಣೆ ಹತ್ತಿತು, ಊರಿಗೆಲ್ಲ ಕೇಳೋ ಹಾಗೆ ಕಿರುಚಿದರು. ಇಷ್ಟರ ನಡುವೆ ಸಾಹೇಬರು, "ಮುಂದೆ ನಿಮ್ಮ ಕೂರ್ಗ್ ಸ್ಟೇಟೂ ನಮ್ಮ ಮೈಸೂರಿಗೇ ಸೇರುತ್ತಂತಲ್ಲಮ್ಮ, ಆಗ ಇದೆಲ್ಲ ನಮ್ಮದೇ" ಅಂದರು. ತಗೊಳ್ಳಿ ಸಾರ್, ಮೊದಲು ಈ ಜಿಗಣೆಯಿಂದಲೇ ಶುರು ಮಾಡಿ ಅಂದೆ.

ಅಬ್ಬಿ ತುಂಬಿ ಸುರೀತಿತ್ತು. ಗುಂಡಿಯ ನಡುವೆ ಚಪ್ಪಟೆ ಬಂಡೆಯೊಂದಿದೆ. ಅದರ ಈಚೆ ಎದೆಮಟ್ಟ ನೀರು, ಆಚೆ ಸೆಳೆತ. "ಬಂಡೆ ದಾಟಬೇಡಿ. ಬುಡದಲ್ಲಿ ಪಾಚಿ ಇದೆ, ಜಾರುತ್ತೆ" ಅಂತ ಹೇಳಿ ಇಬ್ಬರನ್ನೂ ಇಳಿಸಿದೆ. ಸಾಹೇಬರಿಗೆ ಮೇಲೆ ಮರದ ಬುಡದಲ್ಲಿ ಬೆನ್ನು ತಿರುಗಿಸಿ ಕೂರೋಕೆ ಹೇಳಿದೆ. ಅತ್ತೆ ಮೊಣಕಾಲಿನ ತನಕ ಇಳಿದು ಗಂಗೆ, ಯಮುನೆ, ಕಾವೇರಿ ಎಲ್ಲರನ್ನೂ ಕರೆದು ತಲೆ ಮೇಲೆ ಮೂರು ಸಲ ನೀರು ಹಾಕಿಕೊಂಡರು. ಅಷ್ಟಕ್ಕೇ ಅವರ ಈಜು ಮುಗಿಯಿತು. ಸೊಸೆ ಮಾತ್ರ, "ನಾನು ಕ್ಲಬ್ಬಿನ ಕೊಳದಲ್ಲಿ ಕಲಿತೋಳು" ಅಂತ ಸೀದಾ ಬಂಡೆ ಹತ್ತಿರ ಹೋದರು. ಬೇಡಿ ಬೇಡಿ ಅಂತಿದ್ದ ಹಾಗೇ ಪಾಚಿ ಮೇಲೆ ಕಾಲಿಟ್ಟು ಮುಳುಗಿದರು.

ಎದೆಮಟ್ಟದ ನೀರು. ಎದ್ದು ನಿಂತಿದ್ದರೆ ಮುಗೀತಿತ್ತು. ಎದ್ದು ನಿಲ್ಲೋ ಬದಲು ಅಯ್ಯೋ ಸತ್ತೆ, ಅಯ್ಯೋ ಸತ್ತೆ ಅಂತ ಕೈಕಾಲು ಬಡಿದರು. ನಾನು ಉಟ್ಟ ಸೀರೆಯಲ್ಲೇ ಹಾರಿ ಜಡೆ ಹಿಡಿದು ಎಳೆದೆ. ಇನ್ನೇನು ನಿಲ್ಲಿಸಬೇಕು, ದಡದ ಮೇಲಿಂದ ಢಮ್ ಅಂತು. ನಾನು ತಿರುಗಿ "ಸಾರ್!" ಅನ್ನೋದರೊಳಗೆ ಇನ್ನೊಂದು ಢಮ್. ಎದುರು ಬೆಟ್ಟಕ್ಕೆ ಹೊಡೆದು ವಾಪಸು ಬಂತು ಸದ್ದು.

"ಅವಳು ಮುಳುಗ್ತಿದ್ದಳು" ಅಂದರು ಸಾಹೇಬರು. "ಜನ ಬರಲಿ ಅಂತ ಹೊಡೆದೆ. ಒಂದು ಹೊಡೆದಾಗ ಯಾರೂ ಬರಲಿಲ್ಲ, ಅದಕ್ಕೇ ಇನ್ನೊಂದು."

"ಬರ್ತಾರೆ ಸಾರ್. ಊರಿಗೆ ಊರೇ ಬರುತ್ತೆ. ಇಲ್ಲಿಗಲ್ಲ, ನಮ್ಮ ಮನೆಗೆ!"

ಅವರನ್ನು ಅಲ್ಲೇ ಬಿಟ್ಟು ಒದ್ದೆ ಸೀರೆ ಎತ್ತಿ ಕಟ್ಟಿ ಗುಡ್ಡ ಹತ್ತಿದೆ. ಮೊದಲು ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದೆ. ಅರ್ಧ ಹತ್ತಿದ ಮೇಲೆ ಇದ್ದಕ್ಕಿದ್ದ ಹಾಗೆ ಹೊಳೆಯಿತು. ಈ ಸದ್ದು ತೋಡಿನ ಆಚೆಗೂ ಕೇಳಿರುತ್ತೆ. ಬೋಜಪ್ಪ ಭಾವನಿಗೂ ಕೇಳಿರುತ್ತೆ. ಅಪ್ಪ ಹೋದರು ಅಂದರೆ ಯಾವ ಮಗ ತಾನೆ ಮನೇಲಿ ಕೂರ್ತಾನೆ? ನನಗಿಂತ ಮುಂಚೆ ಬಂದಿರ್ತಾರೆ ಅನ್ನಿಸಿ ಮೈಯಲ್ಲಿ ಎಲ್ಲಿಲ್ಲದ ಬಲ ಬಂತು. ಹಾಳಾದ ಸಾಹೇಬರ ಕೋವಿಯೇ ನನ್ನ ಕೆಲಸ ಮಾಡಿಕೊಟ್ಟಿತು ಅಂದುಕೊಂಡು ಓಡಿದೆ.

ಅಂಗಳ ತುಂಬಿಹೋಗಿತ್ತು. ಏಲಕ್ಕಿ ಕೊಯ್ತಿದ್ದವರು ಬುಟ್ಟಿ ಸಮೇತ ಬಂದಿದ್ದರು. ಕೆಲವು ಹೆಂಗಸರು ಆಗಲೇ ಸೂತಕದ ಬಿಳಿ ಸೀರೆ ಉಟ್ಟಿದ್ದರು. ಲಿಂಗಿ ಬಾಗಿಲಲ್ಲಿ ನಿಂತು, "ಸತ್ತಿಲ್ಲ, ಸತ್ತಿಲ್ಲ, ಈಗ ತಾನೆ ಕಾಫಿ ಕುಡಿದ್ರು" ಅಂತ ಬಂದ ಬಂದವರಿಗೆಲ್ಲ ಹೇಳ್ತಿದ್ದಳು. ನನ್ನ ಗಂಡ ಅಳ್ತಾ ಓಡಿ ಬಂದವರು, ಅಪ್ಪ ಕಣ್ಣು ಬಿಟ್ಟು ನೋಡ್ತಿದ್ದದ್ದು ಕಂಡು ಅದೇ ಉಸಿರಲ್ಲಿ ನನ್ನ ಮೇಲೆ ಎಗರಿದರು, "ಒಂದು ಕೋವಿ ನೋಡ್ಕೊಳ್ಳೋಕೆ ಆಗಲ್ವಾ ನಿಂಗೆ?" ಅಂತ. ಆಯ್ತು ಸಾರ್ ಅಂದೆ.

ಮಾವನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಸಂಗತಿ ತಿಳಿದು ಅವರಿಗೆ ನಗು. ನಕ್ಕರೆ ಕೆಮ್ಮು. "ನನ್ನ ಸಾವಿಗೆ ಇಷ್ಟು ಜನ ಬರ್ತಾರಾ? ಪರವಾಗಿಲ್ಲ" ಅಂದರು. ಒಬ್ಬೊಬ್ಬರ ಮುಖವನ್ನೇ ನೋಡ್ತಾ ಬಂದರು. ಕೊನೆಗೆ ನನ್ನನ್ನು ಕೇಳಿದರು.

"ಬೋಜ ಬಂದನಾ?"

ನಾನು ಅಂಗಳಕ್ಕೆ ಬಂದು ತೋಡಿನ ಕಡೆ ನೋಡಿದೆ. ಗುಡ್ಡದಾಚೆಯವರು, ಎಂದೂ ಬಾರದವರು, ಮಾವನ ಹತ್ತಿರ ಜಗಳ ಆಡಿದವರು ಎಲ್ಲ ಬಂದಿದ್ದರು. ಕೂಗಳತೆಯಲ್ಲಿದ್ದ ಮಗ ಬಂದಿರಲಿಲ್ಲ. "ಬರ್ತಿದ್ದಾರೆ ಮಾವ" ಅಂತ ಸುಳ್ಳು ಹೇಳಿದೆ. ಕಾದರು. ಕಾಫಿ ಕಾಸಿ ಬಂದವರಿಗೆಲ್ಲ ಕೊಟ್ಟಾಯ್ತು, ಆಗಲೂ ಭಾವ ಇಲ್ಲ. ಇಷ್ಟು ದಿನ ಬಾಗಿಲ ಕಡೆ ಮುಖ ಮಾಡಿ ಮಲಗ್ತಿದ್ದ ಮನುಷ್ಯ ನಿಧಾನಕ್ಕೆ ಗೋಡೆ ಕಡೆ ತಿರುಗಿದರು. ಸತ್ತ ಮೇಲೆ ಯಾರಿಗೂ ಗೊತ್ತಾಗದ ಸಂಗತಿ ಬದುಕಿದ್ದಾಗಲೇ ಅವರಿಗೆ ಗೊತ್ತಾಗಿಬಿಟ್ಟಿತ್ತು. ಥೂ, ಎಂಥ ಕೆಲಸ ಆಗಿಹೋಯ್ತು ನನ್ನ ಕೈಯಿಂದ!

ಹೊರಗೆ ಬಂದರೆ ಎದುರಿಗೆ ಸಾಹೇಬರ ಸಂಸಾರ, ತೊಟ್ಟಿಕ್ಕುತ್ತಾ. "ಕ್ಷಮಿಸಬೇಕು. ಒಂದಿಷ್ಟು ಬಿಸಿ ಕಾಫಿ ಸಿಗುತ್ತಾ? ಅಮ್ಮನಿಗೆ ಚಳಿ" ಅಂದರು.

"ಒಳಗೆ ಲಿಂಗಿ ಇದ್ದಾಳೆ, ಕೇಳಿ. ಆ ಕೋವಿ ಇಲ್ಲಿ ಕೊಡಿ." ಕಿತ್ಕೊಂಡು ಗಂಡನ ಕೈಗೆ ತುರುಕಿ ತೋಡು ದಾಟಿದೆ. ಭಾವನಿಗೆ ಹೇಳಬೇಕಾದ ಮಾತೆಲ್ಲ ದಾರಿಯಲ್ಲೇ ಜೋಡಿಸಿಕೊಂಡಿದ್ದೆ. ನೀವು ಮನುಷ್ಯರಾ? ನಿಮ್ಮದು ಎದೆಯಾ, ಬಂಡೆಯಾ?

ಮುದ್ದಿ ಅಕ್ಕ ಬಾಗಿಲಲ್ಲಿ ಕೂತು ಅಳ್ತಿದ್ದಳು. ಹಿತ್ತಿಲ ಜಗಲಿ ಮೇಲೆ ಬೋಜಪ್ಪ ಭಾವ ಇದ್ದರು. ಸ್ನಾನ ಮಾಡಿದ ಒದ್ದೆ ಮೈ, ಸೊಂಟಕ್ಕೆ ಬಿಳಿ ಪಂಚೆ, ಕೈಯಲ್ಲಿ ಕ್ಷೌರದ ಕತ್ತಿ. ತಲೆಯ ಒಂದು ಕಡೆ ಪೂರ್ತಿ ಬೋಳು. ಇನ್ನೊಂದು ಕಡೆ ಕೂದಲು ಹಾಗೇ ಇತ್ತು. ಕಿವಿ ಮೇಲೆ ಗಾಯವಾಗಿ ರಕ್ತ ಇಳೀತಿತ್ತು.

"ಅಪ್ಪನ ಹೆಣ ಎತ್ತೋದರೊಳಗೆ ಬರ್ತೀನಿ ಕಾಂತಮ್ಮ" ಅಂದರು, ನನ್ನ ಮುಖ ನೋಡದೆ. "ಕೈ ನಡುಗ್ತಿದೆ, ಅದಕ್ಕೇ ತಡ."

"ಇದೇನು ಭಾವ ಇದು! ಇದನ್ನೆಲ್ಲ ಆ ಮನೆಗೆ ಬಂದ ಮೇಲೆ ತಾನೆ ಮಾಡೋದು?"

"ಗುರುವ ನನ್ನ ಸೇರಿಸ್ತಾನೋ ಇಲ್ವೋ. ತಲೆ ಬೋಳಿಸ್ಕೊಂಡೇ ಬಂದರೆ, ನೀನು ಮಗ ಅಲ್ಲ ಅಂತ ಯಾರೂ ತಡೆಯೋಕಾಗಲ್ಲ."

ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯ್ತೋ. ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತೆ. "ಎತ್ತೋಕೆ ಯಾರೂ ಸತ್ತಿಲ್ಲ ಭಾವ! ಮೈಸೂರಿನವರು ಹಾರಿಸಿದ ಗುಂಡು ಅದು. ಮಾವ ಕಾಫಿ ಕುಡ್ಕೊಂಡು ನೀವು ಬಂದ್ರಾ ಅಂತ ಕೇಳ್ತಿದ್ದಾರೆ!"

ಕತ್ತಿ ಕೈಯಿಂದ ಜಾರಿತು. ಎದ್ದು ನಿಂತರು, ಮತ್ತೆ ತಲೆ ಮುಟ್ಟಿ ನೋಡಿಕೊಂಡು ಕುಸಿದು ಕೂತರು. "ಬದುಕಿರೋ ಅಪ್ಪನ ಮುಂದೆ ಈ ತಲೆ ಹೊತ್ಕೊಂಡು ಹೋಗ್ಲಾ? ಅಪಶಕುನ. ಸಾಯಲಿ ಅಂತಲೇ ಕಾಯ್ತಿದ್ದ ಅಂತಾರೆ ಜನ. ಸ್ವಲ್ಪ ದಿನ ಹೋಗಲಿ, ಬರ್ತೀನಿ."

"ನಿಮ್ಮ ಕೂದಲು ಬೆಳೆಯೋ ತನಕ ಮಾವ ಕಾಯಲ್ಲ ಭಾವ. ಏಳ್ತೀರಾ, ಇಲ್ಲ ನಿಮ್ಮ ಉಳಿದ ಕೂದಲು ಹಿಡಿದು ಎಳ್ಕೊಂಡು ಹೋಗ್ಲಾ? ಈಗ ತಾನೆ ಒಬ್ಬರನ್ನು ಹಾಗೇ ಎಳೆದು ಬಂದಿದ್ದೀನಿ."

ತಲೆಗೆ ಟವಲು ಸುತ್ತಿಕೊಂಡು ಬಂದರು. ಅಂಗಳದ ಜನ ದಾರಿ ಬಿಟ್ಟರು. ಒಳಗೆ ಮಾವ ಇನ್ನೂ ಗೋಡೆ ಕಡೆಗೇ ತಿರುಗಿದ್ದರು. "ಅಪ್ಪಾ" ಅಂದರು ಭಾವ. ಮಾವ ತಿರುಗೋಕೆ ಬಹಳ ಹೊತ್ತು ಹಿಡಿಯಿತು.

"ಮನೆಯೊಳಗೆ ಅದೇನು ತಲೆಗೆ? ತೆಗಿ."

ಭಾವ ನನ್ನ ಮುಖ ನೋಡಿದರು. ನಾನು ತೆಗೀರಿ ಅಂದೆ. ತೆಗೆದರು. ಬಿಳಿ ಸೀರೆಯವರಲ್ಲಿ ಯಾರೋ ಅಯ್ಯೋ ಶಿವನೇ ಅಂದರು. ನನ್ನ ಗಂಡ, "ಅಪ್ಪ ಬದುಕಿರುವಾಗಲೇ..." ಅಂತ ಬಾಯಿ ತೆರೆದರು, ತೋಳು ಚಿವುಟಿ ಸುಮ್ಮನಾಗಿಸಿದೆ. ಮಾವ ಕೈ ಚಾಚಿದರು. ಭಾವ ಹಾಸಿಗೆ ಪಕ್ಕ ಕೂತು ತಲೆ ತಗ್ಗಿಸಿದರು. ಆ ಒಣಗಿದ ಕೈ ಬೋಳಿನ ಮೇಲೆ ಓಡಾಡಿತು. ಕೂದಲ ಮೇಲೂ ಓಡಾಡಿತು.

"ನನಗಾ?" ಅಂತ ಕೇಳಿದರು ಮಾವ.

ಭಾವ ಹೂಂ ಅಂತ ತಲೆ ಆಡಿಸಿದರು.

"ಉಳಿದದ್ದು ಹಾಗೇ ಇರಲಿ ಮಗ" ಅಂದರು ಮಾವ. "ನಾನಿನ್ನೂ ಇದ್ದೀನಲ್ಲ."

ಮಾವ ಇದ್ದಷ್ಟು ದಿನ ಬೋಜಪ್ಪ ಭಾವ ನಮ್ಮ ಮನೆಯಲ್ಲೇ ಇದ್ದು, ಆ ಅರ್ಧ ತಲೆಯಲ್ಲೇ ಅವರಿಗೆ ಗಂಜಿ ಕುಡಿಸಿದರು. ನೋಡೋಕೆ ಬಂದವರೆಲ್ಲ ನಗೋರು, ಮಾವನೂ ನಗೋರು. ಉಳಿದರ್ಧ ಬೋಳಿಸಿದ ದಿನ ಮಾತ್ರ ಯಾರೂ ನಗಲಿಲ್ಲ.